ಕೈ ನಿಲುಕದ ತಳ

ಬ್ಯಾಡಗಿಯ ಹೊರವಲಯದಲ್ಲಿರುವ ನನ್ನ ಅಕ್ಕನ ಮನೆಯ ಬಾವಿಯನ್ನು ಮೂರು ವರ್ಷ ಯಾರೂ ಬಳಸಿರಲಿಲ್ಲ. ಪಕ್ಕದಲ್ಲಿ ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯೊಂದಿತ್ತು. ಅದು ಮುಚ್ಚಿದ ಮೇಲೆ ನೆಲದಡಿಯ ಟಾಕಿಯಿಂದ ಸೋರಿದ ದ್ರಾವಕ ಬಾವಿಗೆ ಇಳಿದಿತ್ತು. ನೀರು ನೋಡಲು ತಿಳಿ. ಸೇದಿದರೆ ಪೇಂಟಿನ ಅಂಗಡಿಯ ವಾಸನೆ.

ಕೊನೆಗೆ ಹಾವೇರಿಯಿಂದ ಒಬ್ಬ ಎಂಜಿನಿಯರ್ ಬಂದರು. ಬಾವಿಯ ಸುತ್ತ ಕೊಳವೆಗಳನ್ನು ಇಳಿಸಿ, ಉಪ್ಪಿನಂಥ ಬಿಳಿ ಪುಡಿ ಪರ್ಸಲ್ಫೇಟನ್ನು ನೀರಿನಲ್ಲಿ ಕರಗಿಸಿ ನೆಲದೊಳಕ್ಕೆ ಒತ್ತಿಸಿದರು. ಹಿಂದೆಯೇ ಕಬ್ಬಿಣದ ದ್ರಾವಣ. ಪುಡಿ ಒಂದೇ ಇದ್ದರೆ ಮಂದ, ಕಬ್ಬಿಣ ತಾಕಿದರೆ ಎಚ್ಚೆತ್ತು ವಿಷವನ್ನು ಬೆಂಕಿಯಿಲ್ಲದೆ ಸುಡುತ್ತದೆ ಎಂದರು. ಆ ವಾರ ಬಾವಿಯ ಕಲ್ಲಿನ ಪಾಚಿ ನೀರಿನ ಮಟ್ಟದವರೆಗೆ ಬೆಳ್ಳಗಾಯಿತು. ಕಪ್ಪೆಗಳು ಸುಮ್ಮನಾದವು. ಬಗ್ಗಿ ನೋಡಿದಾಗ ಒಳಗಿನಿಂದ ನನ್ನ ಮುಖವೊಂದೇ ನನ್ನನ್ನು ನೋಡುತ್ತಿತ್ತು.

ಕೆಲವು ವಾರಗಳ ನಂತರ ಹುಬ್ಬಳ್ಳಿಯ ಪ್ರಯೋಗಾಲಯದಿಂದ ವರದಿ ಬಂತು: ದ್ರಾವಕ ಪತ್ತೆಯಾಗಿಲ್ಲ. ತುಂಬು ಗರ್ಭಿಣಿಯಾದ ಅಕ್ಕನ ಮೊಮ್ಮಗಳು ಆ ಶುಕ್ರವಾರ ಹೆರಿಗೆಗೆ ಬರುವವಳಿದ್ದಳು.

"ಟ್ಯಾಂಕರ್ ನೀರು ಕುಡಿಸಿ ಬಾಣಂತಾನ ಮಾಡಿದ್ರ ನನಗ ಮರ್ಯಾದಿ ಐತೇನು?" ಎಂದಳು ಅಕ್ಕ. ಬಾವಿಯ ನೀರೇ ಕೊಡುವುದೆಂದು ನಿಶ್ಚಯಿಸಿದಳು.

ಆಗ ನಾನು ರಾಣೇಬೆನ್ನೂರಿನಿಂದ ಮತ್ತೆ ಅಲ್ಲಿಗೆ ಹೋಗಿದ್ದೆ. ಹೊಸದಾಗಿ ಸೇದಿದ ನೀರು ತಾಮ್ರದ ಕೊಡದಲ್ಲಿ ಒಂದು ದಿನ ನಿಂತರೆ ದೋಷ ಕಳೆಯುತ್ತದೆಂಬುದು ನಮ್ಮ ಮನೆತನದ ನಂಬಿಕೆ. ಅಕ್ಕ ತನ್ನ ಅತ್ತೆಯ ಕಾಲದ ಕೊಡವನ್ನು ತುಂಬಿಟ್ಟಳು. ಅದರ ಹೊರಮೈಯನ್ನು ವಾರಕ್ಕೊಮ್ಮೆ ಹುಣಸೆಹಣ್ಣಿನಿಂದ ತಿಕ್ಕುವಳು. ಕಂಠ ಕಿರಿದಾದ್ದರಿಂದ ಒಳಗಿನ ತಳ ಮಾತ್ರ ಆಕೆ ಕಂಡಾಗಿನಿಂದಲೂ ಕಪ್ಪು.

ಗುರುವಾರ ಬೆಳಿಗ್ಗೆ ನೀರು ಬಗ್ಗಿಸಿದಾಗ ಅದರಲ್ಲಿ ತೆಳು ನೀಲಿಯಿತ್ತು. ತಳ ಈಗಷ್ಟೇ ಕತ್ತರಿಸಿದ ತಗಡಿನಂತೆ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು.

"ಯಾರು ತಿಕ್ಯಾರ ಇದನ್ನ?" ಎಂದೆ.

"ಯಾರ ಕೈ ಹೊಕ್ಕೈತಿ ಅದರಾಗ? ಬಾವ್ಯಾಗಿನ ದೇವಿ, ಗಂಗವ್ವನ ತಿಕ್ಯಾಳ," ಎಂದಳು ಅಕ್ಕ. ಆದರೆ ಕೊಡದ ಹತ್ತಿರ ಬರಲಿಲ್ಲ.

ಗಂಗವ್ವನ ಮಾತನ್ನೂ ನಾನು ನಂಬಲಿಲ್ಲ, ವರದಿಯ ಮಾತನ್ನೂ ನಂಬಲಿಲ್ಲ. ನಾನು ಲೇತ್ ಕೆಲಸ ಮಾಡುತ್ತಿದ್ದಾಗ ಪಕ್ಕದ ರೇಡಿಯೊ ರಿಪೇರಿಯವನು ಸರ್ಕಿಟ್ ಹಲಗೆಯ ಮೇಲಿನ ತಾಮ್ರ ಕರಗಿಸಲು ಇಂಥದೇ ಪುಡಿ ಬಳಸುತ್ತಿದ್ದ. ಪುಡಿ ನೀರಿನಲ್ಲಿ ಇನ್ನೂ ಜೀವಂತವಾಗಿದೆ ಎಂದಾಯಿತು. ಹಾಗಿದ್ದರೆ ಮಾದರಿಯ ಬಾಟಲಿ ಹುಬ್ಬಳ್ಳಿ ಮುಟ್ಟಿ ಸರದಿ ಕಾಯುವಷ್ಟೂ ಹೊತ್ತು ಅದು ಒಳಗಿನ ದ್ರಾವಕವನ್ನು ಸುಡುತ್ತಲೇ ಇದ್ದಿರಬೇಕು. ವರದಿ ಬಾಟಲಿಯ ಮಟ್ಟಿಗೆ ಸತ್ಯ. ಬಾವಿಯ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ.

ಕೂಡಲೇ ಬಸ್ಸು ಹತ್ತಿ ಹಾವೇರಿಗೆ ಹೋಗಿ ಎಂಜಿನಿಯರಿಗೆ ಇದನ್ನು ಹೇಳಿದೆ.

"ಯಜಮಾನ್ರ, ಯಾವ ಕಾಲೇಜಿನ್ಯಾಗ ಕಲ್ತ್ರಿ ಇದನ್ನ?"

"ಫೇಲಾದವರನ್ನ ಸೇರಿಸ್ಕೊಳ್ಳೂ ಕಾಲೇಜ್ ಇದ್ರ ಹೇಳ್ರಿ, ನಾಳೇನ ಹೋಗ್ತೇನಿ."

ಅವರು ನಗುತ್ತಲೇ ಮಾದರಿ ತೆಗೆದ ದಿನದ ಹಾಳೆಯನ್ನು ತೆರೆದರು. ನಗು ನಿಂತಿತು. "ಬಾಟಲ್ಯಾಗ ವಿಟಮಿನ್ ಸಿ ಹಾಕೂದು ಬಿಟ್ಟೈತ್ರಿ," ಎಂದರು ಮೆಲ್ಲಗೆ. ಪುಡಿಯನ್ನು ಬಾಟಲಿಯಲ್ಲೇ ಸುಮ್ಮನಾಗಿಸುವುದು ಅದೇ. ಸಂಜೆಯೊಳಗೆ ನನ್ನ ಜೊತೆ ಬಂದು, ಅದನ್ನು ಹಾಕಿ, ಬೇರೆ ಬಾಟಲಿ ತುಂಬಿಸಿಕೊಂಡರು.

ಅಕ್ಕ ಮಾತ್ರ ಪಟ್ಟು ಬಿಡಲಿಲ್ಲ. "ಕಾಗದಾ ಬಂದೈತಿ, ದೇವೀನ ಕೊಡ ಬೆಳಗ್ಯಾಳ. ನಿನಗ ಇನ್ನೇನ ಬೇಕು?"

"ತಾಮ್ರಾ ತಿಂದ ನೀರು ಅದು. ಬಸುರಿಗೆ ಕುಡಿಸ್ತೀಯೇನು, ಅಕ್ಕಾ?"

ಶುಕ್ರವಾರ ಮೊಮ್ಮಗಳು ಬರುವ ಮುನ್ನ ಅಂಗಳದಲ್ಲಿ ಟ್ಯಾಂಕರ್ ನಿಂತಿತ್ತು.

ಎರಡನೆಯ ವರದಿ ಮುಂದಿನ ವಾರ ಬಂತು. ದ್ರಾವಕ ಇತ್ತು. ಅದನ್ನು ಓದಿ ಹೇಳಿದಾಗ ಅಕ್ಕ ಬಾವಿಯ ಗಡಗಡಿಯ ಹಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದಳು.

ಹೆಣ್ಣು ಕೂಸು ಹುಟ್ಟಿತು. ಅದನ್ನು ಮನೆಗೆ ತಂದ ಮೇಲೆ ಎರೆಯುವ ದಿನ ಅಕ್ಕ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಬಿಸಿನೀರಿನ ತಂಬಿಗೆ ಎತ್ತಿದಳು. ಎತ್ತಿದವಳು ಹಾಗೆಯೇ ತಡೆದು, ನೀರಿನಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು.

"ತಮ್ಮಾ," ಎಂದಳು ನನ್ನ ಕಡೆ ತಿರುಗಿ, "ಈ ಟ್ಯಾಂಕರ್ ನೀರಿಗೆ ಯಾರು ಕಾಗದಾ ಕೊಟ್ಟಾರ?"

ಕೂಸು ಕಣ್ಣು ತೆರೆದು ಕಾಯುತ್ತಿತ್ತು.