ಕಿವಿಯ ಓದು

ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಗುವೊಂದಿದ್ದರೆ ಅದರ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಪಾಠದ ಹೆಸರಿನ ಪಕ್ಕದಲ್ಲಿ ಅಂಚೆಚೀಟಿಯಷ್ಟು ಅಗಲದ ಕಪ್ಪು ಬಿಳುಪು ಚೌಕವೊಂದು ಕಾಣುತ್ತದೆ. ನನ್ನ ಹೆಂಡತಿ ಶಾಂತವ್ವ ಅದನ್ನು ಮೊದಲ ಸಲ ಕಂಡಾಗ, ಅಚ್ಚಿನ ಮನೆಯವರು ಮಸಿ ಚೆಲ್ಲಿಕೊಂಡಿದ್ದಾರೆಂದು ತಿಳಿದು, ಇದನ್ನು ಕೊಟ್ಟು ಬೇರೆಯದನ್ನು ತಾ ಎಂದು ಮಗಳನ್ನು ಶಾಲೆಗೆ ಮರಳಿ ಅಟ್ಟಿದ್ದಳು. ಬೇರೆಯ ಪುಸ್ತಕದಲ್ಲೂ ಅದೇ ಮಸಿ ಅದೇ ಜಾಗದಲ್ಲಿ ಚೆಲ್ಲಿತ್ತು. ಆಗ ನಾನು ದೊಡ್ಡ ಜಾಣನಂತೆ ಮುಂದೆ ಬಂದು, ಫೋನಿನ ಕ್ಯಾಮೆರಾವನ್ನು ಆ ಚೌಕದ ಮೇಲೆ ಹಿಡಿದು ತೋರಿಸಿದೆ. ತೆರೆಯ ಮೇಲೆ ಏನೋ ಗಿರಗಿರನೆ ಸುತ್ತಿ, ಆಮೇಲೆ ಎಂದೂ ಕಾಣದ ಟೀಚರೊಬ್ಬರು ಅವಸರವಿಲ್ಲದ ಸ್ಪಷ್ಟ ದನಿಯಲ್ಲಿ ನಮ್ಮ ಅಡುಗೆಮನೆಯ ನಡುವೆ ಪಾಠ ಓದತೊಡಗಿದರು. ರೊಟ್ಟಿ ಬಡಿಯುತ್ತಿದ್ದ ಶಾಂತವ್ವ, ಪರವೂರಿನವರು ಮನೆಯೊಳಗೆ ಬಂದರೋ ಎಂಬಂತೆ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

ಜಾಣನಂತೆ ಎಂದೆನಲ್ಲ, ಆ ಜಾಣತನ ನನ್ನ ಉದ್ಯೋಗದ ಒಂದು ಭಾಗವೂ ಹೌದು. ಬೇವೂರಿನ ಆಚೆಗಿರುವ ನಮ್ಮ ಸಣ್ಣ ಊರಿನ ಗ್ರಂಥಾಲಯವನ್ನು ನೋಡಿಕೊಳ್ಳುವವನು ನಾನು. ನಾಲ್ಕು ಕಪಾಟು, ಎರಡು ಉದ್ದನೆಯ ಮೇಜು, ಒಂದು ಕಂಪ್ಯೂಟರ್, ಮತ್ತು ಬೇಸಿಗೆಯಲ್ಲಿ ಪುಸ್ತಕಗಳಿಗಿಂತ ಹೆಚ್ಚು ಅಭಿಮಾನಿಗಳಿರುವ ಒಂದು ಫ್ಯಾನು. ಇಷ್ಟು ನನ್ನ ಸಾಮ್ರಾಜ್ಯ. ಶನಿವಾರ ಶಾಲೆ ಬಿಟ್ಟ ಮೇಲೆ ತಾಯಂದಿರನ್ನು ಕರೆದು ಚಾಪೆಯ ಮೇಲೆ ಕೂರಿಸಿ, ಮನೆಯಲ್ಲಿರುವ ಫೋನಿನಿಂದಲೇ ಮಕ್ಕಳ ಓದಿಗೆ ಏನೇನು ಸಹಾಯ ದಕ್ಕುತ್ತದೆಂದು ತೋರಿಸುವುದು ನಾನಾಗಿಯೇ ಹಚ್ಚಿಕೊಂಡ ಕೆಲಸ. ಭಾಗಾಕಾರವನ್ನು ಬಿಡಿಸಿ ತೋರಿಸುವ ವಿಡಿಯೊ ಎಲ್ಲಿದೆ, ಕನ್ನಡದ ಕತೆಗಳನ್ನು ಓದಿ ಹೇಳುವ ಜಾಲತಾಣ ಯಾವುದು, ಇಂಗ್ಲಿಷ್ ಪದವನ್ನು ಒತ್ತಿದರೆ ಅದನ್ನು ಉಚ್ಚರಿಸಿ ತೋರಿಸುವುದು ಯಾವುದು, ಎಲ್ಲ ನನಗೆ ಗೊತ್ತು. ಶಾಲೆಯ ಮೆಟ್ಟಿಲು ಹತ್ತದ ತಾಯಂದಿರು ಹಿಂಜರಿದು ಕೂತಿರುವುದನ್ನು ಕಂಡರೆ, ನೀವು ಓದಿ ಹೇಳಲಾಗದಿದ್ದರೇನಂತೆ, ಫೋನು ಓದಿ ಹೇಳುತ್ತದೆ ಎಂದು ಧೈರ್ಯ ತುಂಬುತ್ತಿದ್ದೆ. ಆ ಮಾತು ಹೇಳುವಾಗ ನನ್ನ ದನಿ ನನಗೇ ಬಲು ಇಂಪಾಗಿ ಕೇಳುತ್ತಿತ್ತೆಂದು ಈಗ ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ.

ನನ್ನ ಮಾತಿಗೆ ಮನೆಯಲ್ಲೇ ಸಾಕ್ಷಿಯಿತ್ತು. ಅವಳು ನನ್ನ ಮಗಳು ಮಾಯವ್ವ, ನಾಲ್ಕನೆಯ ತರಗತಿ. ಅವಳ ಬಗ್ಗೆ ಹೇಳುವ ಮೊದಲು ನನ್ನ ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ನಾವು ಬೀರಪ್ಪನ ಒಕ್ಕಲು. ಅಪ್ಪ ಕುರಿಯ ಹಿಂದೆ ತಿರುಗುತ್ತಲೇ ಡೊಳ್ಳಿನ ಹಾಡುಗಳನ್ನು ಕಲಿತವನು. ಒಂದಕ್ಷರವೂ ಬಾರದು, ಆದರೆ ಗುಡಿಯ ಮುಂದೆ ಸಂಜೆ ಹಾಡಲು ನಿಂತನೆಂದರೆ ಊಟಕ್ಕೆ ಕರೆಯಲು ಬಂದವರೂ ಊಟ ಮರೆತು ಅಲ್ಲೇ ಕೂತುಬಿಡುತ್ತಾರೆ. ಒಮ್ಮೆ ಕೇಳಿದ್ದು ಅವನ ಬಾಯಿಂದ ಜಾರುವುದಿಲ್ಲ. ಆ ಕಿವಿ ನನ್ನನ್ನು ಹಾರಿಕೊಂಡು ನೇರ ಮೊಮ್ಮಗಳಿಗೆ ಹೋಗಿದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಸೇರಿ ಪಡುತ್ತಿದ್ದ ಹೆಮ್ಮೆ.

ಹೀಗಾಗಿ ಮಾಯವ್ವನನ್ನು ಮುಂದೆ ಕೂರಿಸಿ ಪಾಠ ಓದಿಸುವುದು ನನ್ನ ಶನಿವಾರದ ಕೊನೆಯ ಅಂಕವಾಗಿತ್ತು. ಸಾಲಿನ ಕೆಳಗೆ ಬೆರಳಿಟ್ಟು, ನಿಲ್ಲಬೇಕಾದಲ್ಲಿ ನಿಂತು, ಪ್ರಶ್ನೆ ಬಂದ ಕಡೆ ದನಿ ಏರಿಸಿ, ತೋಳ ಬಂದಾಗ ತಾನೇ ತೋಳವಾಗಿ, ಕುರಿ ಅತ್ತಾಗ ತಾನೇ ಕುರಿಯಾಗಿ ಅವಳು ಓದುತ್ತಿದ್ದರೆ ತಾಯಂದಿರು ತಮ್ಮ ತಮ್ಮ ಮಕ್ಕಳ ಬೆನ್ನಿಗೆ ತಿವಿದು, ನೋಡು, ಕಲಿ ಎನ್ನುತ್ತಿದ್ದರು. ನಾನು ಅತ್ತ ಮುಖ ತಿರುಗಿಸಿ ಕಪಾಟಿನ ಧೂಳು ಒರೆಸುವವನಂತೆ ನಟಿಸುತ್ತಿದ್ದೆ.

ಒಂದು ಶನಿವಾರ ಎಲ್ಲರೂ ಹೋದ ಮೇಲೆ ಖಾತೂನಬಿ ಒಬ್ಬರೇ ಉಳಿದು ಚಾಪೆ ಸುತ್ತುತ್ತಿದ್ದರು. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವುದು ಅವರ ಕೆಲಸ. ಅವರ ಮಗಳು ಮಾಯವ್ವನ ತರಗತಿಯವಳೇ. ಓದು ಬಾರದಾದ್ದರಿಂದ ಅವರು ಮಕ್ಕಳ ಪುಸ್ತಕದಲ್ಲಿ ನೋಡುವುದೆಲ್ಲ ಚಿತ್ರಗಳನ್ನು. ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲನೆ ಹೇಳಿದರು.

“ಸರ್, ತಪ್ಪ ತಿಳೀಬ್ಯಾಡ್ರಿ. ಹಾಳ್ಯಾಗ ಇನ್ನಾ ಕುರಿ ಮೇಯಾಕತ್ತಿತ್ರಿ, ಹುಡುಗಿ ತ್ವಾಳ ಬಂದದ್ದು ಓದಿದ್ಲು. ಹಾಳಿ ತಿರುವಲೇ ಇಲ್ರಿ.”

ನನಗೆ ಮೊದಲು ಬಂದದ್ದು ಸಿಟ್ಟು. ಅಕ್ಷರ ಬಾರದವರು ನನ್ನ ಮಗಳ ಓದಿನಲ್ಲಿ ತಪ್ಪು ಹುಡುಕುವುದೇ ಎಂದು ಒಳಗೊಳಗೇ ಕುದಿದೆ. ಆದರೆ ಮನೆಗೆ ಬರುವ ದಾರಿಯಲ್ಲಿ ಆ ಸಿಟ್ಟು ಸಣ್ಣಗಾಗುತ್ತ ಬಂದು, ಅದರ ಜಾಗದಲ್ಲಿ ಅನುಮಾನವೊಂದು ಕುಳಿತಿತ್ತು. ಚಹಾ ಕುಡಿದು, ಪಡಸಾಲೆಯಲ್ಲಿ ಮಾಯವ್ವನನ್ನು ಪಕ್ಕಕ್ಕೆ ಕರೆದು, ಅವಳಿಗೆ ಚೆನ್ನಾಗಿ ಬರುವ ಪಾಠವನ್ನೇ ತೆರೆದು, ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟು ಇಲ್ಲಿಂದ ಓದು ಎಂದೆ. ಅವಳು ಆ ಸಾಲನ್ನು ನೋಡಿದಳು, ನನ್ನನ್ನು ನೋಡಿದಳು, ಮೊದಲಿನಿಂದ ಓದಲೇ ಎಂದು ಕೇಳಿದಳು. ಬೇಡ, ಇಲ್ಲಿಂದಲೇ ಎಂದೆ. ನೀರಡಿಕೆಯಾಗಿದೆ ಎಂದು ಎದ್ದು ಹೋಗಿ ಕುಡಿದು ಬಂದಳು. ಆಮೇಲೆ ಕೂತವಳು ತಲೆ ತಗ್ಗಿಸಿ, ಪುಸ್ತಕ ಮುಚ್ಚಿ ಹೇಳಿದಳು.

“ಅಕ್ಷರ ಎಲ್ಲಾ ಗೊತ್ತದಾವ ಯಪ್ಪಾ. ಕೂಡಿ ಕುಂತ್ವಂದ್ರ ಗುರ್ತ ಹತ್ತೂದಿಲ್ಲ.”

ನನ್ನ ಅಪ್ಪನೂ ಹಾಗೆಯೇ, ಹಾಡಿನ ನಡುವಿನ ಒಂದು ನುಡಿ ಕೇಳಿದರೆ ಅವನಿಗೆ ತೋಚದು, ಮೊದಲಿನಿಂದ ಹಿಡಿದುಕೊಂಡೇ ಅಲ್ಲಿಗೆ ಬರಬೇಕು. ಆದರೆ ಅಪ್ಪನ ಕೈಗೆ ಯಾರೂ ಪ್ರಶ್ನೆಪತ್ರಿಕೆ ಕೊಡುವುದಿಲ್ಲ. ನನಗೆ ಆಗ ಆದದ್ದು ಶುದ್ಧ ಹೆದರಿಕೆ. ಪಾಠಗಳು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತವೆ, ಒಂದು ದಿನ ಯಾವ ಕಿವಿಯೂ ಅಷ್ಟನ್ನು ಹೊರಲಾರದೆ ಕುಸಿಯುತ್ತದೆ, ಆವತ್ತು ತರಗತಿಯೆಲ್ಲ ನಗುತ್ತದೆ, ಚಪ್ಪಾಳೆಯಲ್ಲೇ ಬೆಳೆದ ಹುಡುಗಿ ಆ ನಗುವನ್ನು ತಾಳಲಾರದೆ ನಾಳೆಯಿಂದ ಶಾಲೆಗೆ ಹೋಗುವುದಿಲ್ಲ ಎನ್ನುತ್ತಾಳೆ. ಇಷ್ಟೂ ದಾರಿ ನನಗೆ ಪಡಸಾಲೆಯಲ್ಲಿ ಕೂತಲ್ಲೇ ಕಂಡಿತು. ಊರಿನ ಮಕ್ಕಳಿಗೆಲ್ಲ ಪುಸ್ತಕ ಹಂಚುವವನ ಮಗಳಿಗೆ ಓದು ಬಾರದು ಎಂಬ ನಾಚಿಕೆ ಅದರ ಹಿಂದೆ ಬಂತೇ ಹೊರತು ಮುಂದೆ ಬರಲಿಲ್ಲ; ಅಷ್ಟರ ಮಟ್ಟಿಗೆ ನಾನು ನನ್ನನ್ನು ಕ್ಷಮಿಸಿಕೊಂಡಿದ್ದೇನೆ.

ಫೋನನ್ನು ಗೋಡೆಯ ಗೂಡಿನಂಥ ಮಾಡದಲ್ಲಿಟ್ಟು, ಇನ್ನು ಈ ಮನೆಯಲ್ಲಿ ಪಾಠ ಹೇಳುವ ಫೋನು ಬೇಡ ಎಂದು ಘೋಷಿಸಿದೆ. ತಪ್ಪು ಯಾರದ್ದೆಂದು ಹುಡುಕುವಾಗ, ತಿರುಗಿ ಮಾತಾಡದ ವಸ್ತುವೊಂದು ಕೈಗೆ ಸಿಕ್ಕರೆ ಎಂಥ ಸಮಾಧಾನ! ಶಾಂತವ್ವ ಮಾತ್ರ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

“ನೀವ ಅಲ್ಲೇನ್ರಿ ಹೇಳಿದವ್ರು, ಫೋನ್ ಓದಿ ಹೇಳತೈತಿ ಅಂತ? ಅದು ಓದ್ತು, ಈಕಿ ಕೇಳಿದ್ಲು. ಪುಸ್ತಕ ಮುಚ್ಚೇ ಇರ್ತಿತ್ತು. ಈಗಿನ ಓದು ಹಿಂಗ ಇರತೈತೇನೋ ಅಂತ ನಾ ಸುಮ್ಮನಿದ್ದೆ.”

ಎರಡು ದಿನ ಈ ಮಾತು ನನ್ನನ್ನು ಬಿಡಲಿಲ್ಲ. ಗೆಳೆಯರೇ, ಕಿವಿಯನ್ನು ಹಗುರಾಗಿ ಕಾಣುವ ಮನೆತನ ನಮ್ಮದಲ್ಲ. ನಮ್ಮ ದೇವರು, ನಮ್ಮ ಹಿರಿಯರ ಕತೆ, ಕುರಿಗೆ ಯಾವ ರೋಗಕ್ಕೆ ಯಾವ ಸೊಪ್ಪು ಎಂಬುದು, ಎಲ್ಲವೂ ನಮ್ಮ ತನಕ ಬಂದದ್ದು ಕಿವಿಯ ಬಾಗಿಲಿನಿಂದಲೇ. ಕಿವಿಯ ದಾರಿಯಲ್ಲಿ ಒಂದು ಸುಖವಿದೆ, ನಮ್ಮ ಮುಂದೆ ಸದಾ ಯಾರೋ ಒಬ್ಬರು ನಡೆಯುತ್ತಿರುತ್ತಾರೆ. ಓದು ಹಾಗಲ್ಲ. ಓದುವಾಗ ಮಗು ಅಕ್ಷರಗಳೆದುರು ಒಂಟಿಯಾಗಿ ನಿಲ್ಲಬೇಕು, ಆ ಒಂಟಿತನದಲ್ಲಿ ತುಸು ಹೊತ್ತು ಒದ್ದಾಡಬೇಕು, ಆಮೇಲೆ ತಾನೇ ಒಂದು ಹೆಜ್ಜೆ ಇಡಬೇಕು. ಫೋನಿನ ಆ ಟೀಚರು ಬಹಳ ಒಳ್ಳೆಯವರು, ಆದರೆ ಒಂದು ಗಳಿಗೆಯೂ ಸುಮ್ಮನಾದವರಲ್ಲ. ಸುಮ್ಮನಾಗುವುದು ನನಗೂ ಬಾರದ ವಿದ್ಯೆ. ಯಾವ ಮಗು ಯಾವ ಶಬ್ದಕ್ಕೆ ತಡವರಿಸಿದರೂ ಥಟ್ಟನೆ ಹೇಳಿಕೊಟ್ಟು, ಸಹಾಯ ಮಾಡಿದೆನೆಂದು ಬೀಗುವವನು ನಾನು. ದನಿ ಬೇರೆ ಬೇರೆಯಾದರೂ ನಾವಿಬ್ಬರೂ ಮಾಡಿದ ತಪ್ಪು ಒಂದೇ.

ಮೂರನೆಯ ದಿನ ಫೋನು ಮಾಡದಿಂದ ಇಳಿಯಿತು. ತಾಯಂದಿರಿಗೆ ನಾನೇ ನೂರು ಸಲ ಹೆಸರು ಹೇಳಿದ್ದ ಕತೆಗಳ ಜಾಲತಾಣವನ್ನು ಮೊದಲ ಬಾರಿ ಪೂರ್ತಿಯಾಗಿ ನೋಡಿದೆ. ದೊಡ್ಡ ದೊಡ್ಡ ಅಕ್ಷರ, ಪುಟಕ್ಕೆ ಎರಡೇ ಸಾಲು, ದನಿ ಯಾವ ಪದದ ಮೇಲೆ ಬರುತ್ತದೋ ಆ ಪದ ಕೆಂಪಾಗಿ ಹೊಳೆಯುತ್ತದೆ. ಕೆಳಗೆ ಮೂಲೆಯಲ್ಲಿ ದನಿಯನ್ನು ನಿಲ್ಲಿಸುವ ಒಂದು ಪುಟ್ಟ ಗುಂಡಿ. ಇಷ್ಟು ದಿನ ಆ ಗುಂಡಿ ಯಾಕಿದೆಯೆಂದು ನಾನು ಯೋಚಿಸಿಯೇ ಇರಲಿಲ್ಲ. ಮೊದಲ ವಾರ ದನಿಯೊಂದಿಗೆ, ಹೊಳೆಯುವ ಪದದ ಮೇಲೆ ಬೆರಳಿಟ್ಟುಕೊಂಡು ಓದಿದೆವು. ಎರಡನೆಯ ವಾರದಿಂದ ಪ್ರತಿ ಪುಟವನ್ನೂ ಮೊದಲು ಮೌನದಲ್ಲಿ ಅವಳು ಓದುವುದು, ಆಮೇಲೆ ದನಿ ಹಚ್ಚಿ ಸರಿಯೋ ತಪ್ಪೋ ಎಂದು ಕೇಳುವುದು. ಬಾಯಿಪಾಠವಾಗುವಷ್ಟು ಸಲುಗೆ ಯಾವ ಕತೆಗೂ ಸಿಗಬಾರದೆಂದು ದಿನಕ್ಕೊಂದು ಹೊಸ ಕತೆ. ನಾನು ಪಕ್ಕದಲ್ಲಿ ಕೂತು, ತುಟಿ ಕಚ್ಚಿ, ನಾಲಿಗೆ ಹಿಡಿದು, ಈ ವಯಸ್ಸಿನಲ್ಲಿ ಮೌನ ಕಲಿತೆ.

ನೀರಿನಂತೆ ಓದುತ್ತಿದ್ದ ಹುಡುಗಿ ಈಗ ಪದಪದಕ್ಕೂ ಎಡವುತ್ತಿದ್ದಳು. ಅದನ್ನು ಕೇಳಲಾರದೆ ಒದ್ದಾಡಿದವನು ಅಪ್ಪ. ಹಾಡಿನ ಮೇಳದಲ್ಲಿ ಎದುರಿನವರ ಸವಾಲಿಗೆ ನಾಲಿಗೆ ಒಂದಿಷ್ಟು ತಡೆದರೂ ಸೋತಂತೆ. ಅವನ ಜೀವಮಾನದ ಮಾನವೆಲ್ಲ ತಡೆಯದ ನಾಲಿಗೆಯ ಮೇಲೆ ನಿಂತದ್ದು. ಇದ್ದ ವಿದ್ಯೆಯನ್ನೂ ಹುಡುಗಿಯ ಬಾಯಿಂದ ಕಿತ್ತುಕೊಂಡೆ ಎಂದು ನನ್ನನ್ನು ಬೈದು, ಅವಳು ಪುಸ್ತಕ ತೆರೆಯುತ್ತಲೇ ಕಂಬಳಿ ಹೆಗಲಿಗೆ ಹಾಕಿ ಹೊರಗೆ ಹೋಗಿಬಿಡುತ್ತಿದ್ದ. ಈ ತಡವರಿಕೆಯೇ ಓದಿನ ಗುರುತು, ಬಾಯಿಪಾಠ ಎಂದೂ ಎಡವುವುದಿಲ್ಲ ಎಂದು ಹೊರಟವನ ಬೆನ್ನಿಗೆ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೂ ಅದರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ.

ಈ ನಡುವೆ ಒಂದು ಶನಿವಾರ ತಾಯಂದಿರೆದುರು ನಿಂತು ನಡೆದದ್ದೆಲ್ಲ ಹೇಳಿದೆ. ಮಗಳನ್ನು ಮೊದಲೇ ಕೇಳಿಕೊಂಡಿದ್ದೆ. ಹೇಳು, ಆದರೆ ನಾ ಮನೆಯಲ್ಲಿರುತ್ತೇನೆ ಎಂದಿದ್ದಳು. ತಪ್ಪನ್ನು ಮೊದಲು ಕಂಡವರು ಖಾತೂನಬಿ ಎಂದಾಗ ಅವರು ಕುತ್ತಿಗೆ ಬಗ್ಗಿಸಿ ಚಾಪೆಯ ಎಳೆ ಎಣಿಸುತ್ತಿದ್ದರು. ಮನೆಗೆ ಹೋಗಿ ಮಕ್ಕಳನ್ನು ನಡುಪುಟದಿಂದ ಓದಿಸಿ ನೋಡಿ, ನಿಮಗೆ ಅಕ್ಷರ ಬಾರದಿದ್ದರೆ ಚಿತ್ರ ನೋಡಿ, ಅಷ್ಟು ಸಾಕು ಎಂದೆ. ವಾರದೊಳಗೆ ನಾಲ್ವರು ತಾಯಂದಿರು ಒಬ್ಬೊಬ್ಬರಾಗಿ ಬಂದು, ತಮ್ಮ ಮನೆಯಲ್ಲೂ ಅದೇ ಕತೆ ಎಂದು ಪಿಸುಗುಟ್ಟಿದರು. ಪರರ ಕಷ್ಟ ಕೇಳಿ ಮನಸ್ಸು ಹಗುರಾಗಬಾರದು, ಆದರೂ ಎದೆಯ ಮೇಲಿನ ಕಲ್ಲು ಅಂದು ಅರ್ಧ ಇಳಿಯಿತು. ಈಗ ಗ್ರಂಥಾಲಯದಲ್ಲಿ ಐದೂ ಮಕ್ಕಳು ಒಂದೇ ಮೇಜಿಗೆ ಕೂತು, ದನಿಯಿಲ್ಲದ ಫೋನಿನ ಮುಂದೆ ಧಾರಾಳವಾಗಿ ಎಡವುತ್ತಾರೆ.

ಉಳಿದರ್ಧ ಕಲ್ಲು ಇಳಿದದ್ದು ಮೊನ್ನೆ, ಬಾಗಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ. ಹುನಗುಂದದಲ್ಲಿ ತಂಗಿ ಹೊಸ ಮನೆ ಕಟ್ಟಿಸಿದ್ದಾಳೆ. ಅವಳಿಗೆ ಪೇಟೆಯಲ್ಲಿ ಸೀರೆ ಕೊಂಡು, ಅಲ್ಲಿಂದ ಅಪ್ಪ, ಮಾಯವ್ವ, ನಾನು ಮೂವರೂ ಹೊರಟಿದ್ದೆವು. ಅವರಿಬ್ಬರನ್ನು ಬೆಂಚಿನ ಮೇಲೆ ಕೂರಿಸಿ ನಾನು ಹತ್ತು ಹೆಜ್ಜೆ ಆಚೆಗಿದ್ದ ನಲ್ಲಿಯಲ್ಲಿ ಬಾಟಲಿಗೆ ನೀರು ಹಿಡಿಯುತ್ತಿದ್ದೆ. ಅಷ್ಟರಲ್ಲಿ ಬಸ್ಸೊಂದು ಬಂದು ಅವರ ಮುಂದೆಯೇ ನಿಂತಿತು, ಜನ ನುಗ್ಗಿದರು. ಅಪ್ಪ ಗಂಟು ಎತ್ತಿಕೊಂಡು ಎದ್ದು, ಯಾವೂರಿನದೆಂದು ಮೊಮ್ಮಗಳನ್ನು ಕೇಳಿದ. ಅವಳು ಬೋರ್ಡಿನತ್ತ ಮುಖವೆತ್ತಿದಳು, ಮೊದಲ ಅಕ್ಷರ ‘ಹು’ ಎಂದು ಕಂಡದ್ದೇ ಹಳೆಯ ಚಾಳಿಯಂತೆ ಉಳಿದದ್ದನ್ನು ಬಾಯಿಂದಲೇ ತುಂಬಿಸಿ ಹುನಗುಂದ ಎಂದುಬಿಟ್ಟಳು.

ಅದು ಹುಬ್ಬಳ್ಳಿಯ ಬಸ್ಸು. ಅಪ್ಪನ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು. ನಾನು ಕೂಗಲು ಬಾಯಿ ತೆರೆದೆ. ಆದರೆ ಮಾಯವ್ವ ಬಸ್ಸಿನತ್ತ ಹೋಗದೆ ನಿಂತಲ್ಲೇ ನಿಂತಿದ್ದಳು, ಕಣ್ಣು ಇನ್ನೂ ಬೋರ್ಡಿನ ಮೇಲೆಯೇ ಇತ್ತು, ತುಟಿಗಳು ಅಲುಗುತ್ತಿದ್ದವು. ತೆರೆದ ಬಾಯನ್ನು ನಾನು ಹೇಗೆ ಮುಚ್ಚಿಕೊಂಡೆನೋ ದೇವರೇ ಬಲ್ಲ. ಅವಳು ಥಟ್ಟನೆ ಓಡಿ ಹೋಗಿ ಮುತ್ಯಾನ ಅಂಗಿಯನ್ನು ಹಿಂದಿನಿಂದ ಹಿಡಿದೆಳೆದಳು.

“ಇಳಿ ಮುತ್ಯಾ, ನಮ್ಮದಲ್ಲ ಇದು. ಹು... ಬ್ಬ... ಹುಬ್ಬಳ್ಳಿ. ಹುಬ್ಬಳ್ಳಿ ಅಂತ ಐತಿ.”

ಯಾರೂ ಅವಳಿಗೆ ಅದನ್ನು ಓದಿ ಹೇಳಿರಲಿಲ್ಲ. ಅಲ್ಲಿ ಕಾಣದ ಟೀಚರಿರಲಿಲ್ಲ, ಹೊಳೆಯುವ ಪದವಿರಲಿಲ್ಲ, ನಾನೂ ಪಕ್ಕದಲ್ಲಿರಲಿಲ್ಲ. ತಾನೇ ತಪ್ಪಿ, ತಪ್ಪನ್ನು ತಾನೇ ಕಂಡು, ತಿದ್ದಿಕೊಂಡಿದ್ದಳು. ಹಿಂದಿನವರು ದಬ್ಬುತ್ತಿದ್ದಂತೆ ಅಪ್ಪ ಕಾಲು ಕೆಳಗಿಳಿಸಿ, ಹೋಗುವ ಬಸ್ಸನ್ನು ನೋಡಿ, ಮೊಮ್ಮಗಳನ್ನು ನೋಡಿ, ಬೆಂಚಿಗೆ ಮರಳಿ ಬಂದು ಗಂಟನ್ನು ತೊಡೆಯ ಮೇಲಿಟ್ಟುಕೊಂಡ.

“ಇನ್ನ ಬರೂ ಬಸ್ ಎಲ್ಲಾ ನೀನ ನೋಡವ್ವಾ. ಸಾವಕಾಶ ನೋಡು. ನೀ ಓದಿ ಮುಗಿಸೂತನಾ ನಾ ಏಳೂದಿಲ್ಲ.”

ನನ್ನ ಬಾಟಲಿ ತುಂಬಿ ನೀರು ಕೈಮೇಲೆ ಹರಿಯುತ್ತಿತ್ತು. ನಲ್ಲಿ ನಿಲ್ಲಿಸಿದೆ, ಮುಚ್ಚಳ ಬಿಗಿದೆ, ಕಣ್ಣೊರೆಸಿಕೊಂಡೆ. ಅವರ ಬಳಿಗೆ ಮಾತ್ರ ಹೋಗದೆ, ಇನ್ನೂ ನಾಲ್ಕು ಬಸ್ಸು ಬಂದು ಹೋಗಲಿ ಎಂದು ಅಲ್ಲೇ ನಿಂತುಕೊಂಡೆ.