ಅರವತ್ತಕ್ಕೆ ಸಾಕು

ಟೈಪಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಜಿಲ್ಲಾ ಕಚೇರಿಯ ಜವಾನನಿಂದ ಹಿಡಿದು ಎದುರಿನ ಪ್ರಿಂಟ್ ಅಂಗಡಿಯವನವರೆಗೆ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಜನ ಅವಳ ಹತ್ತಿರವೇ ಬರುತ್ತಾರೆ. ಯಾಕೆಂದರೆ ಅವಳು ಬರೆದುಕೊಟ್ಟ ಅರ್ಜಿಯನ್ನು ಒಳಗಿನವರು ಸುಲಭಕ್ಕೆ ವಾಪಸು ಕಳಿಸಲಾರರು. ಇಪ್ಪತ್ತಾರು ವರ್ಷ ಕಚೇರಿಯ ವರಾಂಡದಲ್ಲಿ ಕೂತು ಊರಿನವರ ಅಳಲನ್ನೆಲ್ಲ ಅರ್ಜಿ ಮಾಡಿದವಳು. ಮೊದಲು ಟೈಪ್‌ರೈಟರ್ ಇತ್ತು. ಕಳೆದ ಆರು ವರ್ಷದಿಂದ ತಮ್ಮ ಕೊಟ್ಟ ಹಳೆಯ ಲ್ಯಾಪ್‌ಟಾಪು. ಎಲ್ಲರೂ ಹಾಕಿಸಿಕೊಳ್ಳುವ ಭಾರದ ಸಾಫ್ಟ್‌ವೇರನ್ನು ಹೊರುವ ತಾಕತ್ತು ಆ ಮುದಿ ಯಂತ್ರಕ್ಕಿಲ್ಲ ಎಂದು ತಮ್ಮನೇ ಅದಕ್ಕೆ ಹಗುರವಾದ ಲಿನಕ್ಸ್ ಹಾಕಿಕೊಟ್ಟಿದ್ದ. ಆ ತಮ್ಮನ ಜೊತೆ ಅವಳು ಮಾತು ಬಿಟ್ಟು ಎರಡು ವರ್ಷ ಕಳೆದಿತ್ತು.

ಯಂತ್ರ ಮಾತ್ರ ಕೈಕೊಟ್ಟಿರಲಿಲ್ಲ. ಕೈಕೊಟ್ಟದ್ದು ಹೊಸ ಸಾಹೇಬ. ಬಂದ ವಾರದಲ್ಲೇ ವರಾಂಡದಲ್ಲಿ ಗಲೀಜು ಕಾಣುತ್ತದೆ ಎಂದು ಅರ್ಜಿ ಬರೆಯುವವರನ್ನೆಲ್ಲ ಎಬ್ಬಿಸಿ ಕಾಂಪೌಂಡಿನ ಮರದ ಕೆಳಗೆ ಕಳಿಸಿದ.

"ಮರಕ್ಕೆ ಪ್ಲಗ್ ಇರುತ್ತಾ ಸಾರ್?" ಎಂದು ಟೈಪಕ್ಕ ಕೇಳಿದಳು.

"ಬ್ಯಾಟರಿ ಇರುತ್ತಲ್ಲಮ್ಮ," ಎಂದು ಆತ ತಲೆ ಎತ್ತದೆ ಹೇಳಿದ.

ಬ್ಯಾಟರಿ ಇತ್ತು, ಹೆಸರಿಗೆ. ಅರವತ್ತಕ್ಕಿಂತ ಮೇಲೆ ಏರುತ್ತಿರಲಿಲ್ಲ. ಇಳಿಯುವಾಗ ಮೂವತ್ತರವರೆಗೆ ಸಭ್ಯನ ಹಾಗೆ ಇಳಿದು, ಅಲ್ಲಿಂದ ದಡಕ್ಕನೆ ಯಂತ್ರ ಆರಿಹೋಗುತ್ತಿತ್ತು. ಸೋಮವಾರ ಲಿಫ್ಟ್ ನಡೆಸುವವನ ಮೇಲ್ಮನವಿಯ ಏಳನೆಯ ಪುಟದಲ್ಲಿ ಹಾಗೇ ಆಯಿತು. ಅವನದು ಇಪ್ಪತ್ತು ವರ್ಷದ ಕೆಲಸ. ಹುಟ್ಟಿದ ವರ್ಷ ತಪ್ಪು ಬರೆದುಕೊಂಡು ಎರಡು ವರ್ಷ ಮೊದಲೇ ಮನೆಗೆ ಕಳಿಸುತ್ತಿದ್ದರು. ಪಾಪ, ಕಪ್ಪಾದ ಪರದೆ ನೋಡಿ ಅವನೇ ಟೈಪಕ್ಕನನ್ನು ಸಮಾಧಾನ ಮಾಡಿದ. ಅದರಿಂದ ಅವಳ ಮೈ ಇನ್ನಷ್ಟು ಉರಿಯಿತು.

ಬ್ಯಾಟರಿ ಅಂಗಡಿಯವನು ಯಂತ್ರ ತೆರೆದವನೇ ನಕ್ಕುಬಿಟ್ಟ. "ಮೇಡಂ, ಲಿನಕ್ಸ್ ಹಾಕಿದ್ದೀರಲ್ಲ, ಅದಕ್ಕೇ ಹೀಗೆ."

"ಬ್ಯಾಟರಿ ಕೆಟ್ಟರೂ ಲಿನಕ್ಸು, ನಿಮ್ಮ ಅಂಗಡಿ ಬಾಗಿಲು ಕಿರುಗುಟ್ಟಿದರೂ ಲಿನಕ್ಸೇನಾ?" ಎಂದು ಟೈಪಕ್ಕ ಯಂತ್ರವನ್ನು ತನ್ನ ಕಡೆ ತಿರುಗಿಸಿಕೊಂಡಳು. ತಮ್ಮ ಕಲಿಸಿದ್ದ ಒಂದು ಸಾಲನ್ನು ಕರಿ ಪರದೆಯ ಮೇಲೆ ಹೊಡೆದಳು. ಬ್ಯಾಟರಿಯ ಜಾತಕವೆಲ್ಲ ಹೊರಬಂತು: ಹೊಸದರಲ್ಲಿ ಐವತ್ತು ವ್ಯಾಟ್-ಅವರ್ ಕರೆಂಟು ಹಿಡಿಯುತ್ತಿತ್ತು, ಈಗ ಹಿಡಿಯುವುದು ಹತ್ತೊಂಬತ್ತು. "ನೋಡಿ, ಮುದುಕ ಆಗಿದೆ ಅಂತ ಅದೇ ಬಾಯಿಬಿಟ್ಟು ಹೇಳ್ತಿದೆ. ಬೇರೆ ಹಾಕಿ."

ಬೇರೆ ಹಾಕಿದರು. ಬುಧವಾರ ಅದು ಮಧ್ಯಾಹ್ನ ಒಂದರವರೆಗೆ ಎಲ್ಲೂ ಮುಗ್ಗರಿಸದೆ ಓಡಿತು. ಆದರೆ ಹಿಂದಿನ ರಾತ್ರಿಯೆಲ್ಲ ಪ್ಲಗ್ಗಿಗೆ ಚುಚ್ಚಿದ್ದರೂ ಅದು ಕೂಡ ಏರಿದ್ದು ಅರವತ್ತಕ್ಕೇ. ಗುರುವಾರವೂ ಅರವತ್ತೇ.

ಗುರುವಾರ ಸಂಜೆ ಮನೆಯ ಊಟದ ಮೇಜಿನ ಮೇಲೆ ಯಂತ್ರ ಇಟ್ಟುಕೊಂಡು ಟೈಪಕ್ಕ ಹಲ್ಲು ಕಡಿದಳು. ಲಿಫ್ಟಿನವನ ಮನವಿಗೆ ನಾಳೆ ನಾಲ್ಕು ಗಂಟೆಯೇ ಕೊನೆ. ಆದೇಶದ ನಕಲು ಅವನ ಕೈಗೆ ಸಿಗುವುದೇ ನಾಳೆ ಹನ್ನೊಂದಕ್ಕೆ. ಅದನ್ನು ಸಾಲು ಸಾಲಾಗಿ ಓದಿ ಅಲ್ಲೇ ಮನವಿಗೆ ಅದರ ಉತ್ತರ ಸೇರಿಸಬೇಕು. ಅದಕ್ಕೂ ಮುಂಚೆ ಬೆಳಗ್ಗೆ ಒಂಬತ್ತಕ್ಕೆ ಬರುವ ನಾಲ್ವರಿಗೆ ಮಾತು ಕೊಟ್ಟಾಗಿತ್ತು. ಅರವತ್ತರ ಚಾರ್ಜು ಮಧ್ಯಾಹ್ನ ಒಂದಕ್ಕೇ ಮುಗಿಯುತ್ತದೆ. ಎದುರಿನ ಪ್ರಿಂಟ್ ಅಂಗಡಿಯವನು ಪ್ಲಗ್ ಬಿಟ್ಟುಕೊಡುವವನಲ್ಲ. ಆಮೇಲೆ ಆ ಮನುಷ್ಯ ಲಿಫ್ಟನ್ನೂ ಬಿಟ್ಟು, ನೌಕರಿಯನ್ನೂ ಬಿಟ್ಟು ಮೆಟ್ಟಿಲಿಳಿಯಬೇಕು.

ವೈರು ಬದಲಿಸಿದಳು. ಗೋಡೆಯ ಪ್ಲಗ್ ಬದಲಿಸಿದಳು. ಪಕ್ಕದ ಮನೆಯವರ ಚಾರ್ಜರ್ ತಂದು ಚುಚ್ಚಿದಳು. ಅರವತ್ತು. ಐವತ್ತೊಂಬತ್ತೂ ಅಲ್ಲ, ಅರವತ್ತೊಂದೂ ಅಲ್ಲ. ಕೆಳಗೆ ಒಂದು ಸಾಲು ಬೇರೆ: ಚಾರ್ಜ್ ಆಗುತ್ತಿಲ್ಲ.

ಆಗ ಅವಳೊಳಗಿನ ಅರ್ಜಿ ಬರೆಯುವವಳು ಎದ್ದು ಕೂತಳು. ಕೆಟ್ಟು ನಿಲ್ಲುವುದಾದರೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಹಳೆಯದೂ ಹೊಸದೂ ಇಷ್ಟು ಕರಾರುವಾಕ್ಕಾಗಿ ಒಂದೇ ಕಡೆ ನಿಲ್ಲಬೇಕಾದರೆ ಇದು ಕೆಟ್ಟದ್ದಲ್ಲ, ಯಾರೋ ಆದೇಶ ಮಾಡಿದ್ದಾರೆ. ಆದೇಶ ಇದ್ದ ಮೇಲೆ ಕಡತ ಇರಲೇಬೇಕು. ಇಪ್ಪತ್ತಾರು ವರ್ಷ ಅವಳು ಮಾಡಿದ್ದೇ ಅದು: ಯಾವನು 'ಆಗಲ್ಲ' ಎಂದ, ಯಾವ ಕಡತದಲ್ಲಿ ಎಂದ ಎಂದು ಹುಡುಕುವುದು.

ಯಂತ್ರ ಎದ್ದೇಳುವಾಗ ತಾನಾಗಿ ಓಡುವ ಕಡತಗಳ ಪಟ್ಟಿ ತೆಗೆದಳು. ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಹೋದಳು. ಎಲ್ಲ ಇಂಗ್ಲಿಷು, ಒಂದೂ ತಲೆಗೆ ಹೋಗಲಿಲ್ಲ. ಪಟ್ಟಿಯ ತುದಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಒಂದು ಕನ್ನಡ ಪದವಿತ್ತು: ಸಾಕು.

ಅವಳ ಕೈ ನಿಂತಿತು. ಆ ಪದಕ್ಕೇ ಅವಳು ತಮ್ಮನ ಮುಖ ನೋಡುವುದನ್ನು ಬಿಟ್ಟದ್ದು. ಆಸ್ಪತ್ರೆಯ ಮೊಗಸಾಲೆಯಲ್ಲಿ ಡಾಕ್ಟರು ಅಮ್ಮನಿಗೆ ಇನ್ನೊಂದು ಆಪರೇಷನ್ ಮಾಡಿ ನೋಡೋಣವೇ ಎಂದಾಗ, ಅವಳು 'ಮಾಡಿ' ಎನ್ನುವ ಮೊದಲೇ ಅವನು 'ಸಾಕು' ಎಂದಿದ್ದ. ಅಮ್ಮನನ್ನು ಮನೆಗೆ ತಂದು ಹನ್ನೆರಡನೆಯ ದಿನಕ್ಕೆ ಎಲ್ಲ ಮುಗಿದಿತ್ತು.

ಕಡತ ತೆರೆದಳು. ಮೇಲುಗಡೆ ತಮ್ಮ ತನಗೆ ತಾನೇ ಬರೆದುಕೊಂಡಿದ್ದ ಟಿಪ್ಪಣಿ: 'ಅಮ್ಮನ ಮಂಚದ ಪಕ್ಕ ಕೂತು ಅಕ್ಕ ರಾತ್ರಿಯಿಡೀ ವೈರು ಚುಚ್ಚಿಯೇ ಇಡುತ್ತಾಳೆ. ಸದಾ ನೂರು ತುಂಬಿದ್ದರೆ ಬ್ಯಾಟರಿ ಬೇಗ ಸಾಯುತ್ತದೆ. ಅರವತ್ತಕ್ಕೆ ಸಾಕು. ಅವಳಿಗೆ ಹೇಳಿದರೆ ಕೇಳುವುದಿಲ್ಲ.'

"ಅಯ್ಯೋ ಪಾಪಿ!" ಎಂದಳು ಗಟ್ಟಿಯಾಗಿ. "ನನ್ನ ಯಂತ್ರಕ್ಕೂ ನೀನೇ ಸಾಕು ಅನ್ನೋದಾ?"

ಅರವತ್ತನ್ನು ಅಳಿಸಲು ಹೋದರೆ ಯಂತ್ರ ಪಾಸ್‌ವರ್ಡ್ ಕೇಳಿತು. ಅವಳದು ಕೊಟ್ಟರೆ ಅಧಿಕಾರವಿಲ್ಲ ಎಂದಿತು. ಹಿಂದೊಮ್ಮೆ ಕಸ ತೆಗೆಯುತ್ತೇನೆಂದು ಅವಳು ಏನೇನೋ ಅಳಿಸಿ ಯಂತ್ರವನ್ನೇ ಮಲಗಿಸಿದ್ದಳು. ಅಂದಿನಿಂದ ಆ ಅಧಿಕಾರ ತಮ್ಮ ತನ್ನ ಹತ್ತಿರವೇ ಇಟ್ಟುಕೊಂಡಿದ್ದ.

ಅರ್ಧ ಗಂಟೆ ಅಡುಗೆಮನೆಗೂ ಮೇಜಿಗೂ ಸುಮ್ಮನೆ ತಿರುಗಿದಳು. ಕೊನೆಗೆ ಲಿಫ್ಟಿನವನ ಮುಖ ನೆನಪಿಸಿಕೊಂಡು ಫೋನ್ ಮಾಡಿದಳು.

"ಅಕ್ಕಾ?"

"ಅಕ್ಕನೂ ಇಲ್ಲ, ಗಿಕ್ಕನೂ ಇಲ್ಲ. ಲ್ಯಾಪ್‌ಟಾಪಿನ ಪಾಸ್‌ವರ್ಡ್ ಹೇಳು."

"ಅದು... ಹೇಳ್ತೀನಿ. ಬೈಬೇಡ."

"ಹೇಳೋ!"

"ಅಕ್ಕನಿಗೆ ಕೋಪ. ಇಂಗ್ಲಿಷ್ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ."

ಟೈಪಕ್ಕ ಒಂದು ಗಳಿಗೆ ಫೋನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಹೊಡೆದಳು. ಹೊಡೆದ ಅಕ್ಷರ ಪರದೆಯ ಮೇಲೆ ಕಾಣಲಿಲ್ಲ, ಆದರೆ ಬಾಗಿಲು ತೆರೆಯಿತು.

"ಅರವತ್ತು ತೆಗೆದು ನೂರು ಹಾಕು. ಸೇವ್ ಮಾಡಿ ಒಂದ್ಸಲ ಆಫ್ ಮಾಡಿ ಆನ್ ಮಾಡು," ಎಂದ ತಮ್ಮ. "ಯಾಕಕ್ಕಾ, ಈಗ ವರಾಂಡದಲ್ಲಿ ಕೂರ್ತಾ ಇಲ್ವಾ?"

"ಮರದ ಕೆಳಗೆ ಕೂರ್ತೀನಿ. ನಿನಗೇನು ಗೊತ್ತಿದೆ ನನ್ನ ವಿಷಯ?" ಯಂತ್ರ ಆರಿ ಮತ್ತೆ ಎದ್ದೇಳುತ್ತಿತ್ತು. ಸುಮ್ಮನಿರೋಣ ಎಂದುಕೊಂಡಿದ್ದವಳ ಬಾಯಿ ಸುಮ್ಮನಿರಲಿಲ್ಲ. "ನನ್ನನ್ನ ಒಂದು ಮಾತು ಕೇಳದೆ ಸಾಕು ಅನ್ನೋದು ನಿನಗೆ ಚಾಳಿ ಆಗಿಬಿಟ್ಟಿದೆ. ಬ್ಯಾಟರಿಗೂ ಸಾಕು, ಹೆತ್ತ ತಾಯಿಗೂ ಸಾಕು! ಹೇಗೋ ಬಂತು ಬಾಯಿ ನಿನಗೆ?"

"ಅದು ನನ್ನ ಮಾತಲ್ಲ ಅಕ್ಕಾ."

"ಮತ್ತೆ ಯಾರದು?"

"ಅಮ್ಮಂದು. ಆವತ್ತು ಬೆಳಗ್ಗೆ ನೀನು ಔಷಧಿ ತರೋಕೆ ಹೋಗಿದ್ದೆ. ನನ್ನ ಕೈ ಹಿಡ್ಕೊಂಡು ಹೇಳಿದ್ಳು. ಇನ್ನು ಕೊಯ್ಯಿಸ್ಕೊಳ್ಳೋಕೆ ನನ್ನಿಂದ ಆಗಲ್ಲ, ಸಾಕು ಅಂತ ಡಾಕ್ಟರಿಗೆ ನೀನೇ ಹೇಳು. ಅವಳಿಗೆ ಹೇಳಿದ್ರೆ ಕೇಳಲ್ಲ ಅಂದ್ಳು."

"ಎರಡು ವರ್ಷ ಯಾಕೋ ಹೇಳಲಿಲ್ಲ?" ಎಂದು ಟೈಪಕ್ಕ ಕೇಳಿದಳು.

"ನೀನು ಫೋನ್ ಎತ್ತಿದ್ರೆ ತಾನೇ? ನಾನು ಮನೆವರೆಗೂ ಬಂದೆ, ನೀನು ಬಾಗಿಲು ಹಾಕ್ಕೊಂಡೆ."

ಅದು ನಿಜ. ಬಾಗಿಲು ಹಾಕಿದ ಸದ್ದು ಅವಳಿಗೆ ಇನ್ನೂ ನೆನಪಿತ್ತು. ಸಿಟ್ಟು ಬಂತು, ಇವನ ಮೇಲೆ, ತನ್ನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಆ ಹೋದವಳ ಮೇಲೆ. ಮೂರು ವರ್ಷ ರಾತ್ರಿಯೆಲ್ಲ ಮಂಚದ ಪಕ್ಕ ಕೂತಿದ್ದ ಮಗಳಿಗೆ ಹೇಳದೆ, ಭಾನುವಾರಕ್ಕೊಮ್ಮೆ ಬರುತ್ತಿದ್ದ ಮಗನಿಗೆ ಹೇಳಿ ಹೋದಳಲ್ಲ. ಹೇಳಿದ್ದರೆ ಕೇಳುತ್ತಿದ್ದೆನೇ ಎಂದು ತನ್ನನ್ನು ತಾನೇ ಕೇಳಿಕೊಂಡಳು. ಕೇಳುತ್ತಿರಲಿಲ್ಲ.

"ಅಕ್ಕಾ, ಇದೀಯಾ? ಎಷ್ಟು ತೋರಿಸ್ತಿದೆ?"

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಪರದೆ ನೋಡಿದಳು. "ಅರವತ್ತೊಂದು."

"ಏರುತ್ತೆ ಬಿಡು. ಬೆಳಗ್ಗೆ ಹೊತ್ತಿಗೆ ನೂರಾಗಿರುತ್ತೆ. ನೀನು ಬೈದದ್ದೆಲ್ಲ ಬೈದಾಯ್ತಲ್ಲ, ಇನ್ನು ಮಲ್ಕೋ."

"ಎಲ್ಲಿ ಆಯ್ತು? ಎರಡು ವರ್ಷದ್ದು ಬಾಕಿ ಇದೆ," ಎಂದಳು ಟೈಪಕ್ಕ. "ಭಾನುವಾರ ಊಟಕ್ಕೆ ಬಾ, ಎದುರಿಗೆ ಕೂರಿಸಿಕೊಂಡು ಬೈಬೇಕು. ಫೋನಲ್ಲಿ ಸಾಕಾಗಲ್ಲ."