ಮಡಿಲಕ್ಕಿ ಬೇಡವೆಂದು ಫೋನ್ ಮಾಡಿದವಳು

ತಂಗಿಯ ಗಂಡ ತೀರಿಕೊಂಡು ವರ್ಷ ಕಳೆದಿತ್ತು. ಅಷ್ಟೂ ದಿನ ಅವಳು ಕೆ.ಆರ್. ನಗರದ ತನ್ನ ಮನೆಯ ಹೊಸ್ತಿಲು ದಾಟಿದ್ದು ಮಗಳನ್ನು ಸ್ಕೂಲಿಗೆ ಬಿಡಲು, ರೇಷನ್ ತರಲು, ಅಷ್ಟೇ. ಡಿಸೆಂಬರ್ ರಜೆಗೆ ಮಗಳು ತನ್ನ ಸೋದರತ್ತೆಯ ಮನೆಗೆ ಹೋದದ್ದೇ ತಡ, ನಾನು ಹುಣಸೂರಿನಿಂದ ಹೋಗಿ ಅವಳನ್ನು ಹೊರಡಿಸಿದೆ. ಮೂರು ದಿನ ನೆಂಟರ ಮನೆ, ಬೆಟ್ಟ, ಹಿನ್ನೀರು ಎಂದು ಸುತ್ತಾಡಿಸಿ ಅವಳ ಮುಖದಲ್ಲಿ ಒಂದಿಷ್ಟು ಗೆಲುವು ತರಿಸಬೇಕೆಂಬುದು ನನ್ನ ಹಟ. ಬಸ್ಸು ಹೇಗೂ ಹೆಂಗಸರಿಗೆ ಬಿಟ್ಟಿ, ಆಧಾರ್ ಕಾರ್ಡ್ ಇದ್ದರೆ ಸಾಕು.

ಹೊರಡುವ ಮುಂಚೆ ನಾನೊಂದು ಕೆಲಸ ಮಾಡಿದೆ. ಎಲ್ಲದಕ್ಕೂ ಮೂಗು ತೂರಿಸುವ ಬುದ್ಧಿ ನನ್ನದು. ನಮ್ಮ ಕಡೆ ಮನೆಮಗಳು ಹೊರಟು ನಿಂತರೆ ಕುಂಕುಮ ಕೊಟ್ಟು, ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿಯ ಮಡಿಲಕ್ಕಿ ಹಾಕಿ ಕಳಿಸುತ್ತಾರೆ. ಗಂಡ ಸತ್ತವಳಿಗೆ ಹಾಕುವುದಿಲ್ಲ. ನನ್ನ ಸೆರಗು ತುಂಬುವಾಗ ಅವಳು ಗೋಡೆಗೆ ಒರಗಿ ನಿಂತಿರುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಹೋಗಬೇಕಿದ್ದ ಮೂರು ಮನೆಗೂ ಗುಟ್ಟಾಗಿ ಫೋನ್ ಮಾಡಿ, "ನಮ್ಮಿಬ್ರಿಗೂ ಏನೂ ಬ್ಯಾಡ" ಎಂದೆ. ಎಂಥ ಜಾಣೆ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬೆಟ್ಟದಪುರದಲ್ಲಿ ಚಿಕ್ಕಮ್ಮ ಹೊಗೆಸೊಪ್ಪು ವಿಂಗಡಿಸುತ್ತಾ ಕೂತಿದ್ದಳು. ಮನೆಯೆಲ್ಲ ಅದರದೇ ಘಾಟು. ಮಾರನೆಯ ಬೆಳಿಗ್ಗೆ ಚಳಿಯಲ್ಲಿ ಬೆಟ್ಟ ಹತ್ತಿದೆವು. ನಾನು ಏದುಸಿರು ಬಿಡುತ್ತಿದ್ದರೆ ತಂಗಿ ಮೇಲಿನ ಮೆಟ್ಟಿಲಲ್ಲಿ ನಿಂತು, "ಮುದ್ದೆ ಸಾಲ್ದಾಯ್ತು ಕಣಕ್ಕ, ಇನ್ನೊಂದು ಹಾಕ್ಸ್ಕಬೇಕಿತ್ತು" ಎಂದು ಅಣಕಿಸಿ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ದಿನವಾಗಿತ್ತೋ! ಹೊರಡುವಾಗ ಮಾತ್ರ ಚಿಕ್ಕಮ್ಮ ಬರಿಗೈಯಲ್ಲಿ ಬಾಗಿಲವರೆಗೆ ಬಂದಳು. ತಂಗಿ ಚಪ್ಪಲಿ ಮೆಟ್ಟಿಕೊಂಡು ಚಿಕ್ಕಮ್ಮನ ಕೈ ನೋಡುತ್ತಾ ನಿಂತಳು. ಬಸ್ಸಿಗೆ ಹೊತ್ತಾಯಿತೆಂದು ನಾನು ಅವಳನ್ನು ಎಳೆದುಕೊಂಡು ನಡೆದೆ.

ಅಂತರಸಂತೆಯ ಸೋದರಮಾವನ ಮನೆಯಲ್ಲೂ ಹಾಗೇ ಆಯಿತು. ಹಿನ್ನೀರು ನೋಡಿದೆವು. ಆನೆ ಕಾಣಲಿಲ್ಲ, ಲದ್ದಿ ಕಂಡಿತು. ಹೊರಡುವಾಗ ಅತ್ತೆ ಒಮ್ಮೆ ಕುಂಕುಮದ ಬಟ್ಟಲು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಬಟ್ಟಲನ್ನು ಗೂಡಿಗೆ ಸರಿಸಿದಳು. ಬಸ್ಸಿನಲ್ಲಿ ತಂಗಿ, "ನನ್ ಜೊತೆ ಬಂದಿದ್ಕೆ ನಿಂಗೂ ಕುಂಕುಮ ತಪ್ತಲ್ಲಕ್ಕ" ಎಂದಳು.

"ಮರ್ತಿರ್ತಾರೆ ಬುಡು" ಎಂದುಬಿಟ್ಟೆ. ಆಗಲೇ ನಿಜ ಹೇಳಿದ್ದರೆ ಮುಂದಿನದು ಇಷ್ಟು ಕೆಡುತ್ತಿರಲಿಲ್ಲ. ನನಗೆ ಧೈರ್ಯ ಬರಲಿಲ್ಲ.

ಕೊನೆಗೆ ಭೇರ್ಯ, ನಾವು ಹುಟ್ಟಿದ ಮನೆ. ಅಪ್ಪ ಅವ್ವ ಹೋದ ಮೇಲೆ ಅಪ್ಪನ ಅಣ್ಣನ ಹೆಂಡತಿಯೇ, ನಮ್ಮ ದೊಡ್ಡವ್ವನೇ, ನಮಗೆ ತವರು. ಅವಳೂ ಗಂಡನನ್ನು ಕಳೆದುಕೊಂಡು ಬಹಳ ವರ್ಷವಾಗಿದೆ. ಹಿದುಕಿದ ಬೇಳೆ ಸಾರು ಮಾಡಿಸಿ ಹೊಟ್ಟೆ ಬಿರಿಯುವಷ್ಟು ಬಡಿಸಿದಳು. ನಾವು ಹೊರಟು ಕಾಲಿಗೆ ಬಿದ್ದಾಗ ತಂಗಿಯ ಕೈ ಹಿಡಿದುಕೊಂಡಳು.

"ಬರಿ ಸೆರಗಲ್ಲಿ ಕಳುಸ್ತಾವ್ಳೆ ಅಂತ ಮುನಿಸ್ಕಬ್ಯಾಡ ಕಣವ್ವ. ನಂಗಂತೂ ಯಾರೂ ಮಡ್ಲಕ್ಕಿ ಹಾಕ್ಲಿಲ್ಲ, ನಮ್ಮನೆ ಮಗೀಗೆ ಅಂಗಾಗ್ಬಾರ್ದು, ಸೊಸೆ ಕೈಲಿ ನಿಂಗೂ ಹಾಕ್ಸ್ಬೇಕು ಅಂತ ಎರಡು ಗಂಟು ಕಟ್ಟಿಟ್ಟಿದ್ದೆ. ನಿಮ್ಮಕ್ಕ ಫೋನ್ ಮಾಡಿ ಬ್ಯಾಡ ಅಂದ್ಳು. ನಿಂಗೇ ಇಷ್ಟ ಇಲ್ವೇನೋ ಅನ್ಕಂಡು ಬಿಚ್ಬುಟ್ಟೆ."

ತಂಗಿ ನನ್ನ ಕಡೆ ತಿರುಗಿದಳು.

"ಎಲ್ಲಾ ಮನೆಗೂ ಮಾಡಿದ್ಯಾ?"

ಹೌದೆಂದು ತಲೆಯಾಡಿಸಿದೆ. ದೊಡ್ಡವ್ವ ಗಾಬರಿಯಾಗಿ, ಮೊರದಲ್ಲಿ ಅಕ್ಕಿ ತಾ ಎಂದು ಸೊಸೆಯನ್ನು ಕೂಗಿದಳು. ತಂಗಿ ತಡೆದಳು. "ಬ್ಯಾಡ ಬುಡು ದೊಡ್ಡವ್ವ. ಈಗ ಹಾಕಿದ್ರೆ ನಾನೇ ಕೇಳಿ ಹಾಕ್ಸ್ಕಂಡಂಗೆ."

ಬಸ್ ಸ್ಟ್ಯಾಂಡಿನವರೆಗೆ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ನಿಂಗೆ ನೋವಾಗ್ಬಾರ್ದು ಅಂತ ಮಾಡ್ದೆ ಎಂದು ನಾನೇ ಗೋಗರೆದೆ. ಅವಳು ರೇಗಿದ್ದರೆ ಎಷ್ಟೋ ವಾಸಿಯಿತ್ತು.

"ಎಲ್ರೂ ನನ್ನ ಬುಟ್ಬುಟ್ರು ಅಂತ ಮೂರು ದಿನದಿಂದ ಅನ್ಕಂಡು ಬಂದೆ" ಎಂದಳು ಮೆಲ್ಲಗೆ. "ಬೇರೆಯೋರು ಏನ್ ಮಾಡ್ತಿದ್ರೋ ಗೊತ್ತಿಲ್ಲ. ದೊಡ್ಡವ್ವ ಎರಡು ಗಂಟು ಕಟ್ಟಿದ್ಲು. ನಂಗೆ ಹಾಕಾದಿಲ್ಲ ಅಂತ ಮೊದ್ಲೇ ತೀರ್ಮಾನ ಮಾಡಿದ್ದು ನೀನೊಬ್ಳೇ ಕಣಕ್ಕ."

ಬಸ್ಸು ಬಂತು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ಅದನ್ನು ನೋಡಿಯೇ ಮುಂದೆ ಹೋಗಿ ಕೂತಳು.